ಕುಲುಮೆಯಲ್ಲಿ ಕ್ಯೂರಿ ತಾಪಮಾನ: ಕುಡುಗೋಲಿಗೆ ಹದ ಹಾಕುವುದು

ಕಾಯಿಸುತ್ತ ಹೋದಂತೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುವ ಬಿಸಿಯೇ ಕ್ಯೂರಿ ತಾಪಮಾನ. ಶುದ್ಧ ಕಬ್ಬಿಣಕ್ಕೆ ಇದು 770 ಡಿಗ್ರಿ ಸೆಲ್ಸಿಯಸ್. ಉಕ್ಕನ್ನು ಗಟ್ಟಿಗೊಳಿಸಲು ಬೇಕಾದ ಬಿಸಿ ಇದರಿಂದ ಬಹಳ ದೂರವಿಲ್ಲ; ಹಾಗಾಗಿ ಅಳೆಯುವ ಯಂತ್ರವಿಲ್ಲದ ಕುಲುಮೆಗೆ ಅಯಸ್ಕಾಂತವೇ ಸಾಕು.

ತೊಗರಿ ಕೊಯ್ಲಿನ ಕುಡುಗೋಲಿಗೆ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಒಳ್ಳೆಯದು. ಕಟ್ಟಡದ ಸರಳು ಬೇಡ, ಅದರಲ್ಲಿ ಇಂಗಾಲ ಕಡಿಮೆ, ಎಷ್ಟು ಕಾಯಿಸಿ ಎಣ್ಣೆಗೆ ಅದ್ದಿದರೂ ಬೇಕಾದಷ್ಟು ಗಟ್ಟಿಯಾಗದು. ಕೆಲಸ ನೆರಳಲ್ಲೇ ಆಗಲಿ. ಕಲಬುರಗಿಯ ಬಿಸಿಲಲ್ಲಿ ಕೆಂಪಾದ ಉಕ್ಕೂ ಕಪ್ಪಾಗಿಯೇ ಕಾಣುತ್ತದೆ, ಜನ ಅತಿಯಾಗಿ ಕಾಯಿಸಿಬಿಡುತ್ತಾರೆ.

ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಕುಲುಮೆಯ ಪಕ್ಕ ತೂಗಿಬಿಡಿ. ಅಲಗನ್ನು ಹೊರಗೆಳೆದು ಕ್ಷಣಮಾತ್ರ ಮುಟ್ಟಿಸಿ. ತಡೆದರೆ ಅಯಸ್ಕಾಂತವೇ ಬಿಸಿಯಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಬಿಸಿ ಏರುವಾಗಲೇ ಪರೀಕ್ಷಿಸಿ. ಇಳಿಯುವಾಗ ಉಕ್ಕು ಇನ್ನೂ ಕೆಳಗಿನ ಬಿಸಿಯವರೆಗೆ ಅಂಟದೇ ಉಳಿಯುವುದರಿಂದ ಲೆಕ್ಕ ತಪ್ಪುತ್ತದೆ.

ಇಡೀ ಅಲಗು ಅಂಟದಾದ ಮೇಲೆ ಮತ್ತೆ ಒಲೆಗಿಟ್ಟು 50 ಡಿಗ್ರಿಯಷ್ಟು, ಅಂದರೆ ಬಣ್ಣ ಒಂದು ಮಟ್ಟ ತಿಳಿಯಾಗುವಷ್ಟು, ಏರಿಸಿ. ಕೂಡಲೇ 50–60 ಡಿಗ್ರಿಯ ಎಣ್ಣೆಗೆ ನೇರವಾಗಿ ಇಳಿಸಿ. ನೀರಿಗೆ ಅದ್ದಿದರೆ ತೆಳು ಅಂಚು ಸೀಳಬಹುದು. ಎಣ್ಣೆ ಹೊತ್ತಿಕೊಳ್ಳುತ್ತದೆ: ಲೋಹದ ಪಾತ್ರೆ, ಪಕ್ಕದಲ್ಲೇ ಮುಚ್ಚಳ.

ಅಂಚಿನ ಮೇಲೆ ಅರ ಜಾರಿದರೆ ಗಟ್ಟಿಯಾಗಿದೆ. ಕಚ್ಚಿದರೆ ಬಿಸಿ ಸಾಲದು, ಇಲ್ಲವೇ ಉಕ್ಕೇ ಬೇರೆ. ಆದರೆ ಗಟ್ಟಿಯಾದ ಅಲಗನ್ನು ಹಾಗೆಯೇ ಬಳಸಿದರೆ ಕಲ್ಲಿಗೆ ತಗುಲಿ ಮುರಿದೀತು. ಉಜ್ಜಿ ಹೊಳಪು ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಕಾಯಿಸಿ, ಅಂಚಿಗೆ ಒಣಹುಲ್ಲಿನ ಬಣ್ಣ ಬಂದೊಡನೆ ನಿಲ್ಲಿಸಿ. ನೀಲಿಗೆ ತಿರುಗಿದರೆ ಅಂಚು ಮೆತ್ತಗಾಗಿದೆ, ಮೊದಲಿಂದ ಕಾಯಿಸಬೇಕು.