ಟೋಕಿಯೊದ ಟವರ್‌ನಲ್ಲಿ ಮನೆ ಹಿಡಿಯುವವರಿಗೆ: ಭೂಕಂಪದ ಲೆಕ್ಕಾಚಾರ

ಟೋಕಿಯೊದ ನಲವತ್ತು ಮಹಡಿಯ ಹೊಸ ಕಟ್ಟಡ ಭೂಕಂಪಕ್ಕೆ ಕುಸಿದು ಬೀಳುವ ಸಾಧ್ಯತೆ ತೀರಾ ಕಡಿಮೆ. 60 ಮೀಟರ್ ದಾಟಿದ ಕಟ್ಟಡಕ್ಕೆ ಅಲ್ಲಿ ಮಾಮೂಲಿ ಲೆಕ್ಕ ಸಾಲದು. ಭೂಕಂಪದ ಅಲೆಗಳನ್ನು ಕಂಪ್ಯೂಟರ್ ಮಾದರಿಯ ಮೇಲೆ ಹಾಯಿಸಿ, ಪ್ರತಿ ಮಹಡಿ ಕ್ಷಣಕ್ಷಣಕ್ಕೂ ಎಷ್ಟು ವಾಲುತ್ತದೆ ಎಂದು ತೋರಿಸಿ, ಸಚಿವಾಲಯದ ಮಂಜೂರಾತಿ ಪಡೆಯಬೇಕು. ಬೆಂಗಳೂರು, ಮೈಸೂರಿನಿಂದ ಕೆಲಸಕ್ಕೆ ಹೋಗಿ ತೊಯೊಸು, ಹರುಮಿ ಅಥವಾ ಪಕ್ಕದ ಕಾವಾಸಾಕಿಯ ಮುಸಾಶಿ-ಕೊಸುಗಿಯಲ್ಲಿ ಮನೆ ನೋಡುವವರು ‘ಬೀಳುತ್ತದೆಯೇ?’ ಎಂದಷ್ಟೇ ಕೇಳಿ, ‘ಇಲ್ಲ’ ಎಂದರೆ ಸಹಿ ಹಾಕಿಬಿಟ್ಟರೆ ಅಸಲು ವಿಷಯ ಉಳಿದೇ ಹೋಗುತ್ತದೆ. ಕೇಳಬೇಕಾದದ್ದು ಎರಡು. ಕಟ್ಟಡ ಎಷ್ಟು ಹೊತ್ತು, ಎಷ್ಟು ಅಗಲ ತೂಗುತ್ತದೆ? ತೂಗಾಟ ನಿಂತ ಮೇಲೆ ಲಿಫ್ಟು, ನೀರು, ಕಕ್ಕಸು ಎಷ್ಟು ದಿನ ಕೆಲಸ ಮಾಡುವುದಿಲ್ಲ?

ಎತ್ತರಕ್ಕೆ ತಕ್ಕ ತೂಗಾಟ

ಪ್ರತಿ ಕಟ್ಟಡಕ್ಕೂ ತನ್ನದೇ ಲಯವಿದೆ. ಒಂದು ಸಲ ಆ ಕಡೆ ಈ ಕಡೆ ತೂಗಿ ಬರಲು ಬೇಕಾದ ಸಮಯವನ್ನು ಅಂದಾಜು ಮಾಡುವುದು ಸುಲಭ: ಕಾಂಕ್ರೀಟ್ ಕಟ್ಟಡವಾದರೆ ಎತ್ತರದ ಮೀಟರನ್ನು 0.02ರಿಂದ ಗುಣಿಸಿ, ಉಕ್ಕಿನದಾದರೆ 0.03ರಿಂದ. 130 ಮೀಟರ್ ಎತ್ತರದ ಕಾಂಕ್ರೀಟ್ ಟವರ್‌ಗೆ ಸುಮಾರು 2.6 ಸೆಕೆಂಡು, 200 ಮೀಟರ್ ಉಕ್ಕಿನ ಕಟ್ಟಡಕ್ಕೆ 6 ಸೆಕೆಂಡು ಬರುತ್ತದೆ. ದೂರದಲ್ಲಾದ ದೊಡ್ಡ ಭೂಕಂಪದಿಂದ ಹೊರಡುವ ನಿಧಾನದ ಅಲೆಗಳ ಲಯವೂ ಹೆಚ್ಚುಕಡಿಮೆ ಇಷ್ಟೇ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದಂತೆ, ಸಣ್ಣ ಸಣ್ಣ ದೂಡುವಿಕೆ ಸೇರಿ ದೊಡ್ಡ ತೂಗಾಟವಾಗುತ್ತದೆ. ಟೋಕಿಯೊ ಇರುವ ಕಾಂತೊ ಬಯಲಿನಡಿ ಮೆದು ಮಣ್ಣಿನ ಪದರ ದಪ್ಪವಾಗಿರುವುದರಿಂದ ಈ ಅಲೆಗಳು ಅಲ್ಲಿ ಇನ್ನಷ್ಟು ಹಿಗ್ಗುತ್ತವೆ, ಬೇಗ ಅಡಗುವುದೂ ಇಲ್ಲ.

2011ರ ಮಾರ್ಚ್ 11ರಂದು ಈಶಾನ್ಯ ಜಪಾನಿನ ಕರಾವಳಿಯಾಚೆ ಆದ ಭೂಕಂಪದಲ್ಲಿ ಒಸಾಕಾದ ನೆಲದ ತೀವ್ರತೆ, 0ರಿಂದ 7ರವರೆಗಿನ ಜಪಾನಿನ ‘ಶಿಂದೊ’ ಮಾಪನದಲ್ಲಿ, ಬರೀ 3. ಆದರೂ ಕೇಂದ್ರದಿಂದ ಸುಮಾರು 770 ಕಿ.ಮೀ. ದೂರದ ಅಲ್ಲಿನ ಸಾಕಿಶಿಮಾ ಸರ್ಕಾರಿ ಕಟ್ಟಡದ (256 ಮೀಟರ್) ತುದಿ ಒಂದು ಪಕ್ಕಕ್ಕೆ 137 ಸೆಂ.ಮೀ. ವಾಲಿತು, ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡರು. ಟೋಕಿಯೊದ ಶಿಂಜುಕುವಿನಲ್ಲಿ ಟವರ್‌ಗಳು ಹತ್ತು ನಿಮಿಷಕ್ಕೂ ಹೆಚ್ಚು ತೂಗಿದವು. ಆದ್ದರಿಂದ ಫೋನಿನಲ್ಲಿ ಬರುವ ಶಿಂದೊ ಅಂಕಿ ನೆಲದ್ದು, ನಿಮ್ಮ ಮೂವತ್ತನೇ ಮಹಡಿಯದ್ದಲ್ಲ ಎಂಬುದು ಗೊತ್ತಿರಲಿ. ಎತ್ತರದ ಕಟ್ಟಡಗಳಿಗೆಂದೇ ಜಪಾನಿನ ಹವಾಮಾನ ಇಲಾಖೆ 1ರಿಂದ 4ರವರೆಗಿನ ಪ್ರತ್ಯೇಕ ದರ್ಜೆ ಕೊಡುತ್ತದೆ. 3 ಎಂದರೆ ನಿಲ್ಲುವುದು ಕಷ್ಟ. 4 ಎಂದರೆ ತೆವಳದೆ ಚಲಿಸಲಾಗದು, ಬಿಗಿಯದ ಸಾಮಾನು ಬಹುಪಾಲು ಜಾರುತ್ತದೆ. 2023ರ ಫೆಬ್ರವರಿಯಿಂದ ದರ್ಜೆ 3 ಅಥವಾ ಹೆಚ್ಚಿನ ನಿರೀಕ್ಷೆಯಿದ್ದರೆ ಮುನ್ನೆಚ್ಚರಿಕೆಯ ಗಂಟೆಯೂ ಮೊಳಗುತ್ತದೆ.

ಮನೆ ನೋಡುವಾಗ

ಜಾಹೀರಾತಿನಲ್ಲಿ ಮೂರರಲ್ಲಿ ಒಂದು ಪದವಿರುತ್ತದೆ. ‘ತಾಯ್‌ಶಿನ್’ ಎಂದರೆ ಕಾಲಂ, ಬೀಮುಗಳ ಬಲದಿಂದಲೇ ತಡೆಯುವ ಕಟ್ಟಡ: ಬೀಳುವುದಿಲ್ಲ, ಆದರೆ ಒಳಗಿನ ಅಲುಗಾಟ ಪೂರ್ತಿ ನಿಮ್ಮ ಪಾಲಿಗೆ. ‘ಸೇಶಿನ್’ನಲ್ಲಿ ಗೋಡೆಗಳ ನಡುವೆ ಎಣ್ಣೆ ಅಥವಾ ಉಕ್ಕಿನ ಡ್ಯಾಂಪರ್‌ಗಳಿದ್ದು ತೂಗಾಟದ ಶಕ್ತಿಯನ್ನು ಹೀರುತ್ತವೆ. ತೀರಾ ಎತ್ತರದ ಕಟ್ಟಡಕ್ಕೆ ನಮ್ಮ ಮತ ಇದಕ್ಕೇ, ಏಕೆಂದರೆ ದೀರ್ಘ ತೂಗಾಟ ಬೇಗ ನಿಲ್ಲುವುದು ಇದರಿಂದ. ಹಳೆಯ ಕಟ್ಟಡಕ್ಕೂ ಇದನ್ನು ಆಮೇಲೆ ಸೇರಿಸಬಹುದು. ಶಿಂಜುಕು ಮಿತ್ಸುಯಿ ಕಟ್ಟಡದ ಮೇಲೆ 2015ರಲ್ಲಿ ತಲಾ 300 ಟನ್ನಿನ ಆರು ಲೋಲಕಗಳನ್ನು ಕೂರಿಸಿದರು. ‘ಮೆನ್‌ಶಿನ್’ನಲ್ಲಿ ಕಟ್ಟಡ ರಬ್ಬರ್ ಮತ್ತು ಉಕ್ಕಿನ ಪದರಗಳ ದಿಮ್ಮಿಗಳ ಮೇಲೆ ಕೂತಿರುತ್ತದೆ. ಹದಿನೈದು ಮಹಡಿಯವರೆಗಿನ ಕಟ್ಟಡಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ನಲವತ್ತು ಮಹಡಿಯದು ಮೊದಲೇ ನಿಧಾನಕ್ಕೆ ತೂಗುವಂಥದ್ದಾದ್ದರಿಂದ ಲಾಭ ಅಷ್ಟು ಸಿಗದು. ನಿಧಾನದ ಅಲೆ ಬಂದರೆ ಇಡೀ ಕಟ್ಟಡ ಸರಿದಾಡುವುದೂ ಉಂಟು. ಮೆನ್‌ಶಿನ್ ಕಟ್ಟಡದ ಸುತ್ತ ನೆಲದಲ್ಲಿ ಬಿಟ್ಟ ಸಂದಿಯ ಮೇಲೆ ಹೂಕುಂಡ, ಸೈಕಲ್ ಇಟ್ಟಿದ್ದರೆ ಆ ಕಟ್ಟಡದ ಉಸ್ತುವಾರಿ ಸಡಿಲ ಎಂದೇ ಅರ್ಥ. ಆ ಸಂದಿ ಇರುವುದು ಕಟ್ಟಡ ಸರಿಯಲಿ ಎಂದು.

2015ರಲ್ಲಿ ರಬ್ಬರ್ ದಿಮ್ಮಿಗಳ, 2018ರಲ್ಲಿ ಎಣ್ಣೆ ಡ್ಯಾಂಪರ್‌ಗಳ ಪರೀಕ್ಷಾ ಅಂಕಿಗಳನ್ನು ತಯಾರಕರು ತಿದ್ದಿದ್ದು ಬಯಲಾಗಿತ್ತು. ಅದಕ್ಕೂ ಮೊದಲಿನ ಕಟ್ಟಡವಾದರೆ, ಸಂಬಂಧಪಟ್ಟ ಭಾಗಗಳಿದ್ದವೇ, ಬದಲಿಸಿದರೇ ಎಂದು ಕೇಳಲು ಸಂಕೋಚ ಬೇಡ.

ವರ್ಷದ ವಿಷಯದಲ್ಲಿ ಹಲವರು ಎಡವುತ್ತಾರೆ. ಕಟ್ಟಡಗಳ ಭೂಕಂಪ ವಿನ್ಯಾಸಕ್ಕೆ 1981ರ ಜೂನ್ 1ರಿಂದ ಬಂದ ‘ಹೊಸ ನಿಯಮ’ ಎಲ್ಲರಿಗೂ ಗೊತ್ತು. ಟವರ್‌ಗೆ ಮುಖ್ಯವಾದದ್ದು 2017ರ ಏಪ್ರಿಲ್ 1. ಕಾಂತೊ, ಶಿಜುವೊಕಾ, ಚೂಕ್ಯೊ (ನಾಗೋಯಾ ಸುತ್ತಲಿನ ಭಾಗ) ಮತ್ತು ಒಸಾಕಾ ಪ್ರದೇಶಗಳಲ್ಲಿ 60 ಮೀಟರ್ ದಾಟುವ ಹೊಸ ಕಟ್ಟಡದ ವಿನ್ಯಾಸವನ್ನು ನಿಧಾನದ ಅಲೆಗಳಿಗೂ ಪರೀಕ್ಷಿಸಬೇಕೆಂಬ ನಿಯಮ ಬಂದದ್ದು ಆಗ. ಜಾಹೀರಾತಿನಲ್ಲಿ ಕಾಣುವುದು ಕಟ್ಟಿ ಮುಗಿದ ವರ್ಷ, ನಿಯಮ ನೋಡುವುದು ಅರ್ಜಿ ಹಾಕಿದ ದಿನಾಂಕವನ್ನು. ಟವರ್ ಏಳಲು ಮೂರು ವರ್ಷದ ಮೇಲೆ ಹಿಡಿಯುವುದರಿಂದ 2019ರಲ್ಲಿ ಮುಗಿದದ್ದು ಹಳೆಯ ನಿಯಮದ್ದೇ ಇರಬಹುದು.

ಕರಾರಿಗೆ ಮುಂಚೆ ಏಜೆಂಟ್ ಓದಿ ಹೇಳಲೇಬೇಕಾದ ‘ಜೂಯೊ ಜಿಕೊ ಸೆತ್ಸುಮೇಶೊ’ ಎಂಬ ಪತ್ರದಲ್ಲಿ ಪ್ರವಾಹ ನಕ್ಷೆಯ ಮೇಲೆ ಕಟ್ಟಡ ಎಲ್ಲಿದೆ ಎಂಬುದಿರುತ್ತದೆ. 2020ರ ಆಗಸ್ಟಿನಿಂದ ಇದು ಕಡ್ಡಾಯ. ಲಿಫ್ಟು, ಜನರೇಟರಿನ ವಿವರ ಅದರಲ್ಲಿ ಸಿಗದು. ಹಾಗಾಗಿ ಇವನ್ನು ಬಿಡಿಯಾಗಿ ಕೇಳಿ:

– ಜನರೇಟರ್ ಎಷ್ಟು ಗಂಟೆ ಓಡುತ್ತದೆ? ಯಾವ ಲಿಫ್ಟಿಗೆ, ನೀರಿನ ಪಂಪಿಗೆ ಅದರಿಂದ ವಿದ್ಯುತ್ ಹೋಗುತ್ತದೆಯೇ? ಕಾನೂನು ಒತ್ತಾಯಿಸುವುದು ಬೆಂಕಿ ಆರಿಸುವ ವ್ಯವಸ್ಥೆಗೆ ಸಾಕಾಗುವಷ್ಟನ್ನು, ಅದು ಕೆಲವೇ ಗಂಟೆ. 72 ಗಂಟೆ ಎಂದರೆ ಒಳ್ಳೆಯ ಕಟ್ಟಡ.
– ವಿದ್ಯುತ್ ಫಲಕ ಯಾವ ಮಹಡಿಯಲ್ಲಿದೆ? 2019ರ ಅಕ್ಟೋಬರಿನ ಚಂಡಮಾರುತದಲ್ಲಿ ಮುಸಾಶಿ-ಕೊಸುಗಿಯ 47 ಮಹಡಿಯ ಟವರೊಂದರ ನೆಲಮಾಳಿಗೆಗೆ ನೀರು ನುಗ್ಗಿ, ವಿದ್ಯುತ್ತು ಹೋಗಿ, ಲಿಫ್ಟು ಮತ್ತು ಕಕ್ಕಸು ಎರಡೂ ನಿಂತವು. ಭೂಕಂಪವಲ್ಲ, ಆದರೆ ಪಡಿಪಾಟಲು ಅದೇ.
– ಎಷ್ಟು ಮಹಡಿಗೊಂದು ತುರ್ತು ಸಾಮಗ್ರಿಯ ಕೋಣೆಯಿದೆ, ಒಳಗೆ ಏನಿದೆ? ‘ಇದೆ’ ಎನ್ನುವ ಉತ್ತರ ಸಾಲದು. ಖಾಲಿ ಕೋಣೆಗಳೂ ಇವೆ.

ತೊಯೊಸು, ಹರುಮಿ ಸಮುದ್ರ ತುಂಬಿಸಿ ಮಾಡಿದ ನೆಲ. ಟವರಿನ ಪೈಲುಗಳು ಗಟ್ಟಿ ಪದರ ಮುಟ್ಟಿರುವುದರಿಂದ ಕಟ್ಟಡ ನಿಲ್ಲುತ್ತದೆ. ಸುತ್ತಲಿನ ಮಣ್ಣು ಕೆಸರಾದರೆ ರಸ್ತೆ, ನೀರಿನ ಕೊಳವೆ, ಚರಂಡಿ ಕೆಡುತ್ತವೆ. 2011ರಲ್ಲಿ ಟೋಕಿಯೊ ಪಕ್ಕದ ಉರಾಯಾಸುವಿನಲ್ಲಿ ಆದದ್ದು ಅದೇ. ಅಂಥ ಕಡೆ ಮನೆ ಹಿಡಿದರೆ ಕೆಳಗೆ ಹೇಳಿದ ದಾಸ್ತಾನಿನಲ್ಲಿ ಚೌಕಾಸಿ ಮಾಡಬೇಡಿ.

ಮಹಡಿ ಯಾವುದಿರಲಿ? ನಮ್ಮ ಸಲಹೆ 5ರಿಂದ 15. ತೀರಾ ಕೆಳಗಿನ ಮನೆಗಳಿಗೆ ಮೇಲಿನವರ ಕೊಳಚೆ ಹಿಂದಕ್ಕೆ ಉಕ್ಕುವ ಭಯ. ಮೇಲಕ್ಕೆ ಹೋದಷ್ಟೂ ತೂಗಾಟ ಜಾಸ್ತಿ, ಜೊತೆಗೆ 10 ಲೀಟರ್ ನೀರು ಹೊತ್ತು ಮೆಟ್ಟಿಲು ಹತ್ತಬೇಕು. ವಯಸ್ಸಾದ ಅಪ್ಪ ಅಮ್ಮ ಊರಿಂದ ಬಂದು ತಿಂಗಳುಗಟ್ಟಲೆ ಇರುವ ಮನೆಯಾದರೆ ಫ್ಯೂಜಿ ಪರ್ವತ ಕಾಣುವ ಕಿಟಕಿಯ ಆಸೆ ಬಿಡುವುದು ಜಾಣತನ.

ಬಾಡಿಗೆದಾರರು ಮಾಡಿಸಲೇಬೇಕಾದ ಅಗ್ನಿ ವಿಮೆ ಭೂಕಂಪದ ನಷ್ಟಕ್ಕೆ ಬರುವುದಿಲ್ಲ. ಭೂಕಂಪದಿಂದ ಹೊತ್ತಿದ ಬೆಂಕಿಗೂ ಇಲ್ಲ. ಭೂಕಂಪ ವಿಮೆಯನ್ನು ಅದರ ಜೊತೆಗೇ ಸೇರಿಸಬೇಕು. ಮೊತ್ತ ಅಗ್ನಿ ವಿಮೆಯ ಶೇ. 30ರಿಂದ 50.

ಸಾಮಾನು ಬಿಗಿಯುವುದು

2011ರ ನಂತರ ಟೋಕಿಯೊ ಅಗ್ನಿಶಾಮಕ ಇಲಾಖೆ ನಡೆಸಿದ ಸಮೀಕ್ಷೆಯಲ್ಲಿ 11ನೇ ಮಹಡಿ ಮತ್ತು ಅದರ ಮೇಲಿನ ಮನೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಸಾಮಾನು ಉರುಳಿತ್ತು ಇಲ್ಲವೇ ಜಾರಿತ್ತು. ಗಾಯವಾಗುವುದು ಇದರಿಂದ.

ಬೀರುವಿಗೆ ಗಟ್ಟಿ ಉಪಾಯ, ‘ಎಲ್’ ಆಕಾರದ ಪಟ್ಟಿಯನ್ನು ಸ್ಕ್ರೂ ಹಾಕಿ ಗೋಡೆಗೆ ಬಿಗಿಯುವುದು. ಟವರಿನ ಒಳಗೋಡೆಗಳು ಬಹುತೇಕ ಜಿಪ್ಸಮ್ ಹಲಗೆ, ಬರೀ ಹಲಗೆಯಲ್ಲಿ ಸ್ಕ್ರೂ ನಿಲ್ಲದು. ಹಿಂದಿನ ಚೌಕಟ್ಟು ಎಲ್ಲಿದೆ ಎಂದು ಸೂಜಿಯ ಸಾಧನದಿಂದ ಚುಚ್ಚಿ ಪತ್ತೆಹಚ್ಚಿ ಅಲ್ಲೇ ಹಾಕಿ. ಮೊದಲು ಮಾಲೀಕರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ, ಇಲ್ಲವಾದರೆ ಮನೆ ಬಿಡುವಾಗ ತೂತಿಗೆ ದುಡ್ಡು ಕಟ್ಟಬೇಕಾದೀತು.

ಒಪ್ಪಿಗೆ ಸಿಗದಿದ್ದರೆ ಬೀರುವಿಗೂ ಸೀಲಿಂಗಿಗೂ ನಡುವೆ ಒತ್ತುಗಂಬ ಕೊಡುತ್ತಾರೆ. ಇದರಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ಗಂಬವನ್ನು ಬೀರುವಿನ ಮುಂಭಾಗಕ್ಕೆ ನಿಲ್ಲಿಸುವುದು. ಗೋಡೆಗೆ ಹತ್ತಿರ, ಎರಡೂ ತುದಿಗೆ ನಿಲ್ಲಬೇಕು. ಇನ್ನೊಂದು, ನೇತುಬಿಟ್ಟ ತೆಳು ಸೀಲಿಂಗಿಗೆ ನೇರವಾಗಿ ಒತ್ತುವುದು. ಅಲುಗಾಟಕ್ಕೆ ಗಂಬ ಸೀಲಿಂಗನ್ನೇ ತೂರಿಕೊಂಡು ಹೋಗುತ್ತದೆ, ಬೀರು ಆರಾಮಾಗಿ ಬೀಳುತ್ತದೆ. ನಡುವೆ ಉದ್ದನೆಯ ಹಲಗೆ ಕೊಟ್ಟು ಭಾರ ಹಂಚಿ, ಬೀರುವಿನ ಮುಂದಿನ ಅಡಿಗೆ ಬೆಣೆಯಂಥ ಪಟ್ಟಿ ತೂರಿಸಿ ಗೋಡೆಯ ಕಡೆ ವಾಲುವಂತೆ ಮಾಡಿ. ಎರಡೂ ಸೇರಿದರೆ ಮಾತ್ರ ನಂಬಬಹುದು.

ಫ್ರಿಜ್ಜಿನ ಹಿಂದೆ ಮೇಲ್ಭಾಗದಲ್ಲಿ ಬೆಲ್ಟಿಗೆ ಹಿಡಿಗಳಿರುತ್ತವೆ, ಬಳಸಿ. ಗಾಲಿಯಿರುವ ಯಾವುದನ್ನೂ ಲಾಕ್ ಮಾಡದೆ ಬಿಡಬೇಡಿ. ನಿಧಾನದ ತೂಗಾಟದಲ್ಲಿ ಅದು ಕೋಣೆಯುದ್ದಕ್ಕೂ ಓಡುತ್ತದೆ. ವೆಟ್ ಗ್ರೈಂಡರ್ ನೆಲದ ಮೇಲೋ ಕೆಳಗಿನ ಕಪಾಟಿನಲ್ಲೋ ಇರಲಿ, ಆ ಕಲ್ಲು ಎತ್ತರದಿಂದ ಬಿದ್ದರೆ ಕಾಲು ಉಳಿಯದು. ದೇವರ ಗೂಡಿನ ದೀಪವನ್ನು ಹಚ್ಚಿಟ್ಟು ಹೊರಗೆ ಹೋಗಬೇಡಿ. ಬಾಲ್ಕನಿಯಲ್ಲಿ ಪಕ್ಕದ ಮನೆಗೆ ದಾಟಲು ಒಡೆಯುವ ತೆಳು ಹಲಗೆ ಮತ್ತು ಕೆಳಗಿಳಿಯುವ ಮುಚ್ಚಳದ ಮೇಲೆ ತುಳಸಿ ಕಟ್ಟೆಯೂ ಬೇಡ, ಬಟ್ಟೆ ಸ್ಟ್ಯಾಂಡೂ ಬೇಡ.

ದಾಸ್ತಾನು

ಟವರ್ ನಿವಾಸಿಗಳೆಲ್ಲ ಇಳಿದುಬಂದರೆ ವಾರ್ಡಿನ ಆಶ್ರಯ ಶಿಬಿರದಲ್ಲಿ ಜಾಗ ಸಾಲದು. ಮನೆ ಗಟ್ಟಿಯಿದ್ದರೆ ಮನೆಯಲ್ಲೇ ಇರಿ ಎನ್ನುವುದು ಅಲ್ಲಿನ ಪದ್ಧತಿ. ಮೂವರ ಕುಟುಂಬಕ್ಕೆ ಒಂದು ವಾರದ ಲೆಕ್ಕ ಹೀಗೆ: ದಿನಕ್ಕೆ ತಲಾ 3 ಲೀಟರಿನಂತೆ 63 ಲೀಟರ್ ನೀರು, ಅಂದರೆ ಎರಡು ಲೀಟರಿನ ಆರು ಬಾಟಲಿಯ ಪೆಟ್ಟಿಗೆ ಆರು. ದಿನಕ್ಕೆ ತಲಾ ಐದು ಸಲದಂತೆ 105 ಕಕ್ಕಸು ಚೀಲ. ನೀರು ಕೂಡಿಟ್ಟವರೂ ಇದನ್ನು ಮರೆಯುತ್ತಾರೆ. ಕ್ಯಾಸೆಟ್ ಒಲೆ ಮತ್ತು 250 ಗ್ರಾಂ ಗ್ಯಾಸ್ ಡಬ್ಬಿಗಳು: ಜೋರು ಉರಿಯಲ್ಲಿ ಒಂದು ಡಬ್ಬಿ ಸುಮಾರು ಒಂದು ಗಂಟೆ, ದಿನಕ್ಕೆ ಎರಡರಂತೆ 14 ಇಟ್ಟುಕೊಳ್ಳಿ. ಊಟಕ್ಕೆ ನಮ್ಮ ಅಡುಗೆಮನೆಯೇ ಅನುಕೂಲ. ತೆಳು ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಬೆಲ್ಲ ಯಾವುದಕ್ಕೂ ಒಲೆ ಬೇಕಿಲ್ಲ.

ಅಲುಗಾಡುವಾಗ, ಆಮೇಲೆ

ಎಚ್ಚರಿಕೆ ಮೊಳಗಿದರೆ ಕಿಟಕಿ ಮತ್ತು ಬೀರುವಿನಿಂದ ದೂರ ಸರಿದು ಕೆಳಗೆ ಕೂತು ಗಟ್ಟಿಯಾದ ಏನನ್ನಾದರೂ ಹಿಡಿದುಕೊಳ್ಳಿ. ಒಲೆಯ ಮೇಲೆ ಒಗ್ಗರಣೆಯ ಎಣ್ಣೆ ಕಾಯುತ್ತಿದ್ದರೂ ಆರಿಸಲು ಓಡಬೇಡಿ. ಜೋರಾಗಿ ಅಲುಗಿದರೆ ಗ್ಯಾಸ್ ಮೀಟರ್ ತಾನೇ ಬಂದ್ ಆಗುತ್ತದೆ, ಸುಡುವ ಎಣ್ಣೆಯಿಂದ ಹಿಂದೆ ಸರಿಯುವುದು ಮುಖ್ಯ. ಲಿಫ್ಟಿನಲ್ಲಿದ್ದರೆ ಎಲ್ಲ ಮಹಡಿಯ ಗುಂಡಿ ಒತ್ತಿ, ಬಾಗಿಲು ತೆರೆದಲ್ಲಿ ಇಳಿಯಿರಿ. ನೆಲದ ಅಲುಗಾಟ ನಿಂತಿತು ಎಂದು ಸುದ್ದಿ ಬಂದ ಮೇಲೂ ಟವರ್ ತೂಗುತ್ತಿರುತ್ತದೆ. ಆಗ ಮೆಟ್ಟಿಲಿಗೆ ಹೋಗುವವರೇ ಉರುಳುವುದು.

ಲಿಫ್ಟು ಬೇಗ ಬರುತ್ತದೆಂದು ಕಾಯಬೇಡಿ. 2021ರ ಅಕ್ಟೋಬರ್ 7ರ ಮಧ್ಯಮ ಗಾತ್ರದ ಭೂಕಂಪಕ್ಕೇ ಟೋಕಿಯೊ ಮತ್ತು ಸುತ್ತಲ ಜಿಲ್ಲೆಗಳಲ್ಲಿ ಸುಮಾರು 75,000 ಲಿಫ್ಟುಗಳು ನಿಂತಿದ್ದವು. ಜೋರು ಅಲುಗಾಟದ ನಂತರ ತಂತ್ರಜ್ಞರು ಬಂದು ನೋಡದೆ ಚಾಲೂ ಆಗುವುದಿಲ್ಲ, ಅವರು ಮೊದಲು ಹೋಗುವುದು ಜನ ಸಿಕ್ಕಿಕೊಂಡ ಕಡೆಗೆ ಮತ್ತು ಆಸ್ಪತ್ರೆಗಳಿಗೆ.

ಮನೆಯವರ ಫೋನ್ ಸಿಗದಿದ್ದರೆ ವಿಪತ್ತಿನ ಸಂದೇಶ ಸೇವೆಯ 171ಕ್ಕೆ ಕರೆ ಮಾಡಿ, 1 ಒತ್ತಿ ಸಂದೇಶ ಬಿಡಿ, 2 ಒತ್ತಿ ಕೇಳಿ. ಪ್ರತಿ ತಿಂಗಳ 1 ಮತ್ತು 15ರಂದು ಇದನ್ನು ಅಭ್ಯಾಸ ಮಾಡಲು ಬಿಡುತ್ತಾರೆ, ಮಕ್ಕಳಿಗೂ ಕಲಿಸಿ. ಬಂದ್ ಆದ ಗ್ಯಾಸ್ ಮತ್ತೆ ಬರಬೇಕೆಂದರೆ, ವಾಸನೆ ಇಲ್ಲದಿದ್ದರೆ ಎಲ್ಲ ಒಲೆ ಬಂದ್ ಮಾಡಿ, ಮೀಟರಿನ ಗುಂಡಿ ಒತ್ತಿ, ಏನನ್ನೂ ಮುಟ್ಟದೆ ಮೂರು ನಿಮಿಷ ಕಾಯಿರಿ. ಮನೆ ಬಿಟ್ಟು ಹೋಗುವುದಾದರೆ ಮೇನ್ ಬ್ರೇಕರ್ ಇಳಿಸಿ; ವಿದ್ಯುತ್ ಮರಳಿದಾಗ ಉರುಳಿಬಿದ್ದ ಹೀಟರಿನಿಂದ ಬೆಂಕಿ ಹೊತ್ತುತ್ತದೆ.

ಕಕ್ಕಸಿಗೆ ನೀರು ಸುರಿಯಬೇಡಿ, ಟಬ್ಬಿನಲ್ಲಿ ತುಂಬಿಟ್ಟ ನೀರನ್ನೂ. ಮಧ್ಯದಲ್ಲೆಲ್ಲೋ ಕೊಳವೆ ಬಿರುಕು ಬಿಟ್ಟಿದ್ದರೆ ನೀವು ಸುರಿದದ್ದು ಕೆಳಗಿನ ಮನೆಯವರ ನೆಲದ ಮೇಲೆ ಬರುತ್ತದೆ. ಕಟ್ಟಡದ ಆಫೀಸು ಕೊಳವೆ ಪರೀಕ್ಷೆ ಮುಗಿಯಿತು ಎಂದು ಪ್ರಕಟಿಸುವವರೆಗೆ ಚೀಲವನ್ನೇ ಬಳಸಿ, ಬಾಯಿ ಬಿಗಿದು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಬಾಲ್ಕನಿಯಲ್ಲಿಡಿ. ಪ್ರಕಟಣೆ ಬಂದ ಮೇಲೂ ಕೆಳಗಿನ ಮಹಡಿಯವರಿಗೆ ಒಂದು ಮಾತು ಹೇಳಿ, ಮೊದಲು ಒಂದೇ ಬಕೆಟ್ ಸುರಿದು ನೋಡಿ.