ಗಸ್ತು ಜೀಪು ಗಡಿಯಾರದ ಮುಳ್ಳಾಗಬಾರದು

ಎರಡು ಸಲ ಜೈಲು ಕಂಡು ಬಂದ ಕಳ್ಳ ಜೀಪು ಕಂಡರೆ ಊರು ಬಿಡುವುದಿಲ್ಲ, ಅದು ದಾಟುವವರೆಗೆ ಕಾಯುತ್ತಾನೆ. ದಿನಾ ರಾತ್ರಿ ಒಂದು ಗಂಟೆಗೆ ಕಾಸರಗೋಡಿನ ಕುಂಬಳೆ ಪೇಟೆ, ಒಂದೂವರೆಗೆ ಸೀತಾಂಗೋಳಿ ಎಂದು ತಿರುಗಿದರೆ ಅವನಿಗೆ ವೇಳಾಪಟ್ಟಿ ಕೊಟ್ಟ ಹಾಗೆ. ರಾಜಸ್ಥಾನದಲ್ಲಿ 2010-11ರಲ್ಲಿ ಕುಡಿದು ವಾಹನ ಓಡಿಸುವವರನ್ನು ತಡೆಯಲು ನಡೆಸಿದ ಪ್ರಯೋಗದಲ್ಲಿ ಒಂದೇ ಕಡೆ ನಿಂತ ತಪಾಸಣೆಯಿಂದ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಜಾಗ ಬದಲಿಸುತ್ತ ಹೋದಲ್ಲಿ ರಾತ್ರಿ ಅಪಘಾತ ಸುಮಾರು ಶೇ. 17, ಸಾವು ಶೇ. 25 ಇಳಿಯಿತು.

ಮೊದಲು ಠಾಣೆಯ ಒಂದು ವರ್ಷದ ಕಳವುಗಳನ್ನು ಜಾಗ ಮತ್ತು ಗಂಟೆ ಹಿಡಿದು ನಕ್ಷೆಯಲ್ಲಿ ಗುರುತಿಸಿ. ಬೀಗ ಮೀಟಿ ಬಿಟ್ಟುಹೋದ, ದೂರು ಕೊಡದ ಪ್ರಯತ್ನಗಳೂ ಬರಲಿ. ಬೀಟ್ ಪೊಲೀಸರಿಗೆ ಅವು ಬಾಯಿಮಾತಿನಲ್ಲಿ ಗೊತ್ತಿರುತ್ತವೆ. ಚುಕ್ಕಿ ದಟ್ಟವಾದ ಐದಾರು ಜಾಗ ಆರಿಸಿ, ಚೀಟಿ ಬರೆದು, ಜೀಪು ಹೊರಡುವಾಗಲೇ ಎತ್ತಿ. ಪ್ರತಿ ಜಾಗದಲ್ಲಿ ಇಂಜಿನ್ ನಿಲ್ಲಿಸಿ, ಇಳಿದು, 10ರಿಂದ 15 ನಿಮಿಷ ಟಾರ್ಚ್ ಹಿಡಿದು ನಡೆಯಿರಿ. ಅಮೆರಿಕದ ಮಿನಿಯಾಪೊಲಿಸ್‌ನ ಗಸ್ತು ಲೆಕ್ಕದಲ್ಲಿ ಪೊಲೀಸರು ಹೋದ ಮೇಲೂ ಹೆದರಿಕೆ ಹೆಚ್ಚು ಹೊತ್ತು ಉಳಿದದ್ದು ಇಷ್ಟು ನಿಂತಾಗ. ಇನ್ನೂ ನಿಂತರೆ ಲಾಭ ಇಳಿಯುತ್ತಿತ್ತು. ಸುಮ್ಮನೆ ದಾಟಿಹೋದ ಜೀಪಿನ ಬೆಲೆ ತೀರಾ ಕಡಿಮೆ. ರಾತ್ರಿಗೊಮ್ಮೆಯಾದರೂ, ಬಿಟ್ಟ ಜಾಗಕ್ಕೆ ಇಪ್ಪತ್ತು ನಿಮಿಷದೊಳಗೆ ತಿರುಗಿ ಬನ್ನಿ. ಜೈಲು ಕಂಡ ಹಳೆ ಕಳ್ಳರು ಸಿಕ್ಕಿಬೀಳುವುದಿದ್ದರೆ ಆಗಲೇ.

ಇದೆಲ್ಲ ಕೆಡುವುದು ಗಸ್ತಿನವರು ಜಾಗಜಾಗದಲ್ಲಿ ಸಹಿ ಹಾಕುವ ಬೀಟ್ ಪುಸ್ತಕದಿಂದ. ಸಹಿಯೇ ಕೆಲಸವಾದರೆ ನಾಲ್ಕು ಸಹಿ ಒಂದೇ ಸುತ್ತಿಗೆ ಮುಗಿಯುತ್ತದೆ. ಇನ್ನೊಂದು, ಊರಿನ ವಾಟ್ಸಾಪ್ ಗುಂಪು: "ಜೀಪು ಈಗಷ್ಟೇ ಹೋಯಿತು" ಎಂದು ಯಾರೋ ಹಾಕುತ್ತಾರೆ. ಆ ಗುಂಪಿನಲ್ಲಿ ಯಾರ್ಯಾರಿದ್ದಾರೆಂದು ಯಾರೂ ಎಣಿಸಿರುವುದಿಲ್ಲ.

ಕೋಲ, ಬಯಲಾಟದ ರಾತ್ರಿ ಗಸ್ತೆಲ್ಲ ಗದ್ದೆಯ ಜನಸಂದಣಿಗೆ ಹೋಗುತ್ತದೆ. ಮನೆ ಖಾಲಿ, ಅಂಗಳದಲ್ಲಿ ಅಡಕೆ. ಚೀಟಿಯಲ್ಲಿ ಒಂದನ್ನು ಆ ಖಾಲಿ ಮನೆಗಳ ಕಡೆಗೆ ಮೀಸಲಿಡಿ. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿದರೆ ಠಾಣೆ ಬದಲು, ರಾಜ್ಯವೂ ಬದಲು. ಹಳಬರ ಚಹರೆ, ಬೈಕ್ ನಂಬರು ಉಳ್ಳಾಲ ಕಡೆಯವರ ಬಳಿಯೂ ಇರಲಿ.

ಕಳವಾದ ಮನೆ, ಅದರ ಆಚೀಚೆ ಮನೆಗಳ ಮೇಲೆ ಮುಂದಿನ ಎರಡು ವಾರ ಹೆಚ್ಚು ಕಣ್ಣಿಡಿ. ಬಂದವನಿಗೆ ದಾರಿ, ನಾಯಿ, ಹಿತ್ತಿಲ ಬಾಗಿಲು ಎಲ್ಲ ಗೊತ್ತಾಗಿರುತ್ತದೆ. ಮುರಿದ ಚಿಲಕ ಅದೇ ದಿನ ಸರಿಯಾಗಬೇಕು.