‘ಮನೆಗೆ’ ಎಂದು ಬರೆದ ಚೀಟಿಗಳು

ದಾವಣಗೆರೆಯಲ್ಲಿ ನಮ್ಮದು ಜವಳಿ ಅಂಗಡಿ. ಅಪ್ಪಾಜಿ, ಅಣ್ಣ, ನಾನು ಮೂವರೂ ಪಾಲುದಾರರು. ಯಾರಿಗೆ ದುಡ್ಡು ಬೇಕಾದರೂ ಗಲ್ಲಾದಿಂದ ತೆಗೆದುಕೊಂಡು ಚೀಟಿಯಲ್ಲಿ ‘ಮನೆಗೆ’ ಎಂದು ಬರೆದಿಟ್ಟರೆ ಮುಗೀತು. ಯಾರ ಮನೆಗೆ ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ. ಮನೆ ಒಂದೇ ಇತ್ತು.

ಅಪ್ಪಾಜಿ ತೀರಿಕೊಂಡಾಗ ಮೊದಲ ಪೆಟ್ಟು ಬಿದ್ದದ್ದು ಬ್ಯಾಂಕಿನಲ್ಲಿ. 1932ರ ಪಾಲುದಾರಿಕೆ ಕಾಯ್ದೆಯಂತೆ, ಪತ್ರದಲ್ಲಿ ಬೇರೆ ಕರಾರು ಇಲ್ಲದಿದ್ದರೆ, ಒಬ್ಬ ಪಾಲುದಾರ ತೀರಿಕೊಂಡರೆ ಸಂಸ್ಥೆಯೇ ವಿಸರ್ಜನೆ. ನಮ್ಮ ಪತ್ರದಲ್ಲಿ ಆ ಸಾಲು ಇರಲಿಲ್ಲ. ಹಬ್ಬದ ಸರಕು ತರುವ ಹೊತ್ತಿಗೆ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಖಾತೆ ನಿಂತುಹೋಯಿತು. ಅದರ ಬೆನ್ನಿಗೇ ಚೀಟಿಗಳ ಜಗಳ. ಒಂದು ಸಂಜೆ ‘ಮನೆಗೆ 40,000’ ಎಂಬ ಚೀಟಿ ಹಿಡಿದು ಗಿರಾಕಿಗಳ ಎದುರೇ ಅಣ್ಣನನ್ನು ಕೇಳಿಬಿಟ್ಟೆ. ಅದು ಅತ್ತಿಗೆಯ ಆಸ್ಪತ್ರೆ ಖರ್ಚು. ಅಣ್ಣ ಮೂರು ದಿನ ಅಂಗಡಿಗೆ ಬರಲಿಲ್ಲ. ಈಗಲೂ ನೆನೆದರೆ ಹೊಟ್ಟೆ ಚುರ್ ಎನ್ನುತ್ತದೆ.

ಆಡಿಟರು ಇಬ್ಬರನ್ನೂ ಕೂರಿಸಿ ಹೊಸ ಪತ್ರ ಮಾಡಿಸಿದರು. ಇಬ್ಬರೇ ಇದ್ದರೆ, ಒಬ್ಬರು ಹೋದ ಮೇಲೆ ಯಾವ ಕರಾರೂ ಪಾಲುದಾರಿಕೆಯನ್ನು ಉಳಿಸಲಾರದು. ಹಾಗಾಗಿ ಅತ್ತಿಗೆಯನ್ನೂ ನನ್ನ ಹೆಂಡತಿಯನ್ನೂ ಸೇರಿಸಿಕೊಂಡೆವು. ಪತ್ರದಲ್ಲಿ ಬರೆಯದ ಹೊರತು ದುಡಿಯುವ ಪಾಲುದಾರನಿಗೆ ಸಂಬಳ ಕೇಳುವ ಹಕ್ಕಿಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ಅಂಗಡಿಯಲ್ಲಿ ಕೂರುವವನು ಅಣ್ಣನೇ ಆದ್ದರಿಂದ ಅವನಿಗೆ ನನಗಿಂತ ಹೆಚ್ಚು ಸಂಬಳ ಬರೆಸಿದೆವು. ಲಾಭ ಎರಡೂ ಮನೆಗೆ ಅರ್ಧರ್ಧ. ಬಂಡವಾಳಕ್ಕೆ 12% ಬಡ್ಡಿ, ಆದಾಯ ತೆರಿಗೆಯವರು ಖರ್ಚೆಂದು ಒಪ್ಪುವುದು ಅಷ್ಟಕ್ಕೇ. ಅಪ್ಪಾಜಿಯ ಪಾಲಿನಲ್ಲಿ ಅಮ್ಮನಿಗೂ ತಂಗಿಗೂ ಹಕ್ಕಿತ್ತು. ತಂಗಿ ಬೇಡವೆಂದರೂ ಲೆಕ್ಕ ಹಾಕಿ ಕಂತಿನಲ್ಲಿ ಕೊಟ್ಟೆವು. ಇದನ್ನು ಬಾಯಿಮಾತಿಗೆ ಬಿಡಬಾರದು ಎಂದು ಹಟ ಹಿಡಿದವನು ನಾನೇ.

ಕಷ್ಟವಾದದ್ದು ಹೊರಹೋಗುವವರ ಪಾಲಿನ ಬೆಲೆ ಕಟ್ಟುವ ಕಲಂ. ‘ಬೇರೆಯಾಗೋ ಮಾತು ಈಗ್ಲೇ ಯಾಕೋ?’ ಎಂದು ಅಣ್ಣ ಎದ್ದುಹೋದ. ಮನಸ್ತಾಪ ಇಲ್ಲದಾಗಲೇ ನ್ಯಾಯವಾದ ಬೆಲೆ ಬರೆಯಲಾಗುತ್ತದೆ ಎಂದು ಒಪ್ಪಿಸಲು ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಒಪ್ಪಿಸಿದ್ದು ನಾನಲ್ಲ, ಅತ್ತಿಗೆ.

ಈಗ ತಿಂಗಳ ಮೊದಲ ಭಾನುವಾರ ನಾಲ್ವರೂ ಕೂತು ಲೆಕ್ಕ ನೋಡುತ್ತೇವೆ. ಆಡಿದ್ದನ್ನು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕುತ್ತೇವೆ. ಗಲ್ಲಾದಿಂದ ತೆಗೆದದ್ದು ತೆಗೆದವರ ಖಾತೆಗೆ.

ಕಳೆದ ದೀಪಾವಳಿಯ ಲಕ್ಷ್ಮೀಪೂಜೆಗೆ ಹೂವು ಹಣ್ಣು ತಂದ ಹುಡುಗ, ‘ಇದನ್ನ ಯಾರ ಖಾತೆಗೆ ಬರೀಲಿ?’ ಎಂದು ಕೇಳಿದ.

‘ಅದು ಅಂಗಡೀದು, ಬರಿ’ ಎಂದ ಅಣ್ಣ.